ಕತ್ತಿನ ಹಿಂಭಾಗ

"ತಿರುಗಿ ಕೂತ್ಕೊಳ್ಳಿ," ಎಂದರು ಡಾಕ್ಟರು.

ಪೇ-ಷಾನ್ ತಿರುಗಿ ಕೂತಳು. ಅವಳ ಕತ್ತಿನ ಹಿಂಭಾಗಕ್ಕೆ ಅಂಟಿಸಿದ್ದ ಪಟ್ಟಿಯನ್ನು ಡಾಕ್ಟರು ನಿಧಾನವಾಗಿ ಬಿಡಿಸಿದರು. ಹೋದ ವಾರ ಅಲ್ಲಿದ್ದ ಮೆಣಸಿನ ಕಾಳಿನಷ್ಟು ಕಪ್ಪು ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದರು. ಅದು ಕ್ಯಾನ್ಸರೋ ಅಲ್ಲವೋ ಎಂಬುದು ಇವತ್ತು ತಿಳಿಯಬೇಕಿತ್ತು.

ಬಾಗಿಲ ಪಕ್ಕದಲ್ಲಿ ಅಕ್ಕ ಹ್ವೇ-ರು ಎರಡು ಹೆಲ್ಮೆಟ್ಟುಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಮಚ್ಚೆಯನ್ನು ಮೊದಲು ಕಂಡವಳು ಅವಳೇ. ಮದುವೆಯೊಂದಕ್ಕೆ ಹೊರಟಾಗ, ತಂಗಿಯ ಸರದ ಕೊಂಡಿ ಹಾಕಲು ಹೋಗಿ.

"ಹೊಲಿಗೆ ಚೆನ್ನಾಗಿ ಕೂಡಿದೆ," ಎಂದರು ಡಾಕ್ಟರು. "ರಿಪೋರ್ಟ್ ತೆಗೀತಾ ಇದೀನಿ, ಈ ಕಂಪ್ಯೂಟರ್ ಸ್ವಲ್ಪ ನಿಧಾನ. ಅಷ್ಟರಲ್ಲಿ ಹೇಳಿ, ಬಿಸಿಲಿಗೆ ಹೋಗುವಾಗ ಏನ್ ಹಾಕ್ಕೋತೀರಾ?"

"ಏನ್ ಹಾಕ್ಕೊಳ್ಳಲ್ಲ ಅಂತ ಕೇಳಿ ಡಾಕ್ಟ್ರೇ," ಎಂದಳು ಹ್ವೇ-ರು. "ಮುಖಕ್ಕೆ ಕ್ರೀಮು, ಅದರ ಮೇಲೆ ಮಾಸ್ಕು, ಕೈಗೆ ಗ್ಲೌಸು. ಸ್ಕೂಟರ್ ಹತ್ತಿದ್ಲು ಅಂದ್ರೆ ಬ್ಯಾಂಕ್ ದರೋಡೆಗೆ ಹೊರಟ ಹಾಗಿರ್ತಾಳೆ. ಒಂದ್ಸಲ ನಮ್ಮಮ್ಮನೇ ಗುರುತು ಹಿಡೀಲಿಲ್ಲ."

"ಅಕ್ಕಾ, ಸುಮ್ನಿರೇ."

"ಜಾಕೆಟ್ಟು?" ಡಾಕ್ಟರು ಕೇಳಿದರು.

"ಹಾಕ್ಕೋತೀನಿ. ಹಿಂದುಮುಂದಾಗಿ."

ತೈವಾನಿನ ಈ ತೈನಾನ್ ಊರಿನ ಹುಡುಗಿಯರು ಹಾಗೇ. ಮುಂದಿನಿಂದ ತೋಳು ತೂರಿಸಿದರೆ ಎದೆ, ಕೈ ಮುಚ್ಚುತ್ತವೆ. ಬೆನ್ನ ಕಡೆ ತೆರೆದಿದ್ದು ಗಾಳಿಯಾಡುತ್ತದೆ. ಇಳಿದ ಕೂಡಲೇ ಎಳೆದು ಸೀಟಿನಡಿಗೆ ತುರುಕಬಹುದು.

"ಕೂದಲು?"

"ಸೆಕೆ ಅಲ್ವಾ, ಮೇಲೆತ್ತಿ ಕಟ್ಟಿಬಿಡ್ತೀನಿ."

ಡಾಕ್ಟರು ಅವಳ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬೆರಳಾಡಿಸಿದರು. "ಹಾಗಾದ್ರೆ ಇಷ್ಟೂ ಬಯಲು. ದಿನಾ ಕೆಲಸಕ್ಕೆ ಹೋಗೋದು ಎಷ್ಟೊತ್ತಿಗೆ?"

"ಮಧ್ಯಾಹ್ನದ ಪಾಳಿ." ಪೇ-ಷಾನ್‌ಳ ದನಿ ಸಣ್ಣಗಾಯಿತು. "ಅಲ್ಲಿ ಯಾರು ನೋಡ್ತಾರೆ ಡಾಕ್ಟ್ರೇ? ಕಪ್ಪಾದ್ರೂ ಕಾಣಲ್ಲ ಅಂತ..."

"ಬಣ್ಣದ ಚಿಂತೆ ಇರೋರೆಲ್ಲಾ ಹೀಗೇ. ಕನ್ನಡಿಗೆ ಕಾಣೋದನ್ನ ಮಾತ್ರ ಮುಚ್ಕೋತಾರೆ." ಡಾಕ್ಟರು ಹೊಸ ಪಟ್ಟಿ ಅಂಟಿಸಿ ಕಂಪ್ಯೂಟರಿನ ಪರದೆಯತ್ತ ಹೊರಳಿದರು. "ಕಿವಿ, ಕತ್ತು, ಕಾಲರಿನ ಅಂಚು. ಅಲ್ಲಿಗೂ ದಿನಾ ಕ್ರೀಮ್ ಹಚ್ಚಿ, ಮೋಡ ಇದ್ರೂ. ಬೆವರಿದ್ರೆ ಮತ್ತೆ..." ಮಾತು ಅಲ್ಲಿಗೆ ನಿಂತಿತು. ರಿಪೋರ್ಟ್ ಬಂದಿತ್ತು.

ಅವರು ಓದುತ್ತಿದ್ದರು. ಹ್ವೇ-ರುವಿನ ಕೈಯಲ್ಲಿ ಹೆಲ್ಮೆಟ್ಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಕೆಟ್ಟದ್ದೇನೂ ಇಲ್ಲ. ಬರೀ ಮಚ್ಚೆ, ಪೂರ್ತಿ ತೆಗೆದಾಗಿದೆ," ಎಂದರು. "ಹೊಸದೇನಾದ್ರೂ ಕಂಡ್ರೆ ಬನ್ನಿ. ಈಗ ಮನೆಗೆ ಹೋಗಿ."

ಪೇ-ಷಾನ್ ಎದ್ದಳು, ಮತ್ತೆ ಕೂತಳು.

"ಇನ್ನೊಂದ್ಸಲ ಹೇಳ್ತೀರಾ?" ಎಂದು ಕೇಳಿದವಳು ಹ್ವೇ-ರು.

ಡಾಕ್ಟರು ಇನ್ನೊಂದು ಸಲ ಹೇಳಿದರು.

ಹೊರಗೆ ಬಿಸಿಲು ಕಾದಿತ್ತು. ಇಬ್ಬರೂ ಸ್ಕೂಟರಿನ ಹತ್ತಿರ ಬಂದರು.

"ಏನ್ ತಿಂತೀಯಾ?" ಕೇಳಿದಳು ಅಕ್ಕ.

"ಮಾವಿನಹಣ್ಣು ಹಾಕಿದ ಐಸು. ದೊಡ್ಡ ಬಟ್ಟಲು. ಆದ್ರೆ ಈ ಹೊಲಿಗೆ..."

"ಹೊಲಿಗೆ ಹಾಕಿರೋದು ಕತ್ತಿಗೆ ಕಣೇ, ಹೊಟ್ಟೆಗಲ್ಲ. ನಡಿ."

ಅಷ್ಟು ನಗುವ ಮಾತೇನೂ ಅದಾಗಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿ ಗಾಡಿ ನಿಲ್ಲಿಸುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ.

ಪೇ-ಷಾನ್ ಗಾಡಿ ಓಡಿಸಿದಳು. ಹಿಂದೆ ಕೂತ ಹ್ವೇ-ರು ಒಂದು ಕೈಯಿಂದ ತಂಗಿಯ ಸೊಂಟ ಹಿಡಿದು, ಇನ್ನೊಂದು ಅಂಗೈಯನ್ನು ಅವಳ ಕತ್ತಿನ ಹಿಂದೆ ಅಗಲವಾಗಿ ಇಟ್ಟಳು.

"ಕೈ ತೆಗಿಯೇ, ಸೆಕೆ ಆಗುತ್ತೆ. ಪಟ್ಟಿ ಇದೆಯಲ್ಲ."

"ನೀನು ರಸ್ತೆ ನೋಡ್ಕೊಂಡು ಓಡ್ಸು."

ಕೆಂಪು ದೀಪ ಬಿತ್ತು. ಸ್ಕೂಟರುಗಳೆಲ್ಲ ನಿಲ್ಲಬೇಕಾದ ಗೆರೆಯಿಂದ ಬಹಳ ಹಿಂದೆಯೇ, ಮೇಲ್ಸೇತುವೆಯ ನೆರಳಿನಲ್ಲಿ ಒತ್ತೊತ್ತಾಗಿ ನಿಂತುಬಿಟ್ಟವು. ಗೆರೆಯವರೆಗಿನ ರಸ್ತೆ ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಹ್ವೇ-ರು ಕೈ ತೆಗೆದು, ಬೆವರಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ದೀಪ ಹಸಿರಾಯಿತು. ಗಾಡಿ ನೆರಳು ದಾಟುವ ಮೊದಲೇ ಆ ಕೈ ಮತ್ತೆ ಕತ್ತಿನ ಮೇಲೆ ಬಂದು ಕೂತಿತು.