ರಟ್ಟಿನ ಟಿವಿ

ಗಂಡ ಅವಳ ಅಂಗೈಗೆ ಏನೋ ಒತ್ತಿದ. ಅಲ್ಲಿ ಏನೂ ಇರಲಿಲ್ಲ.

"ತಗೋ, ಗೇಮಿನ ಎರಡನೇ ರಿಮೋಟು ನಿಂದು," ಎಂದ. ಪೀಠೋಪಕರಣದ ಅಂಗಡಿಯವರು ಸೋಫಾದ ಎದುರು ಅಂದಕ್ಕೆಂದು ಇಟ್ಟಿದ್ದ ರಟ್ಟಿನ ಟಿವಿಯನ್ನೇ ಅವನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದ. ಹೆಬ್ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು.

"ಮಾನ ಕಳೀಬೇಡ, ಏಳು. ಎಲ್ಲರೂ ನೋಡ್ತಿದಾರೆ." ಅವಳು ಬಂದದ್ದು ಒಂಟಿ ಕುರ್ಚಿ ಕೊಳ್ಳಲು. ಅವನು ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಗೇಮಿನಲ್ಲಿ ಮುಳುಗಿದ ಮೇಲೆ ಮನೆಯಲ್ಲಿ ತಾನೊಬ್ಬಳೇ ಅನ್ನಿಸಿ, ಒಳಕೋಣೆಯ ಕಿಟಕಿಯ ಬಳಿ ತನ್ನದೊಂದು ಮೂಲೆ ಮಾಡಿಕೊಳ್ಳಲು ಹೊರಟಿದ್ದಳು. ಬೇರೆ ಕೋಣೆ, ಬೇರೆ ಕುರ್ಚಿ. ಮುಂದೆ ಇನ್ನೇನು ಬೇರೆಯಾಗುತ್ತದೋ, ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

"ಬೇಗ ಬಾರೇ! ಈ ನದಿ ದಾಟೋದು ನನ್ನೊಬ್ಬನ ಕೈಲಿ ಆಗಲ್ಲ ಕಣೇ."

ಅವನು ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ಅವಳು ಸೋಫಾದ ಅಂಚಿನಲ್ಲಿ ಕೂತು, ಇಲ್ಲದ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದಳು. ರಟ್ಟು ಮೆಲ್ಲಗೆ ನೀಲಿಗೆ ತಿರುಗಿತು. ಕಾಲಡಿಯ ನೆಲಹಾಸು ಅಲೆಅಲೆಯಾಗಿ ಅಲುಗಿ, ಪಾದ ತಣ್ಣಗಾಯಿತು.

ಅಂಗಡಿಯವನು ಬಂದು ಕೆಮ್ಮಿದ. "ಮೇಡಂ, ಕುರ್ಚಿಗಳು ಆ ಕಡೆ ಇವೆ."

"ಸ್ವಲ್ಪ ಸುಮ್ನಿರಿ," ಎಂದಳು, ಕಣ್ಣು ಕೀಳದೆ. "ಇವನಿಗೆ ಈಜೋಕೆ ಬರಲ್ಲ."