ಮೀಟರ್‌ನಲ್ಲಿ ಸೊನ್ನೆ, ಕಬ್ಬಿಣದಲ್ಲಿ ಅಲ್ಲ

ಮೊನ್ನೆ ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಕಣ್ಣಾರೆ ಕಂಡದ್ದು... ನನ್ನೊಬ್ಬಳಲ್ಲೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ನನ್ನ ಹಳೆಯ ಭೌತಶಾಸ್ತ್ರದ ಪುಸ್ತಕಗಳನ್ನು ಕೊಡಲು ಹೋಗಿದ್ದೆ. ವಿಭಾಗದ ಮುಖ್ಯಸ್ಥರಾದ ಇಟಗಿ ಸರ್ ಕ್ಲಾಸಿನಲ್ಲಿದ್ದರು.

ಲ್ಯಾಬ್ ನೋಡಿಕೊಳ್ಳುವ ಮೈಲಾರಪ್ಪ ಕುರ್ಚಿ ಒರೆಸಿ ಕೊಟ್ಟು, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದ.

ಅಲ್ಲೇ ಶಿವಲೀಲಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಕಂಪ್ಯೂಟರ್ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ತನ್ನ ಗೈಡ್ ಇಟಗಿ ಸರ್‌ಗೆ ಬರೆದ ಪತ್ರ... ಪಿಎಚ್‌ಡಿ ಬಿಡುತ್ತಿದ್ದೇನೆ ಎಂದು.

“ಯಾಕವಾ?” ಎಂದೆ.

ಅವಳು ಪರದೆ ತೋರಿಸಿದಳು. ಎರಡು ಪುಟ್ಟ ಕನ್ನಡಿಗಳ ನಡುವೆ ಸೆಮಿಕಂಡಕ್ಟರ್ ಪದರ. ಅಲ್ಲಿ ಸಿಕ್ಕಿಕೊಂಡ ಬೆಳಕು ವಸ್ತುವಿನೊಡನೆ ಬೆರೆತು, ಅರ್ಧ ಬೆಳಕು ಅರ್ಧ ವಸ್ತುವಾಗಿ ಓಡಾಡುತ್ತದೆ. ಅದಕ್ಕೆ ಪೊಲಾರಿಟಾನ್ ಎನ್ನುತ್ತಾರೆ.

ಹೊರಗಿನಿಂದ, ಕರೆಂಟಿನಿಂದ ನಡೆಯುವ ಆಯಸ್ಕಾಂತದ ಬಲ ಕೊಟ್ಟರೆ ಅದರ ಬೆಳಕಿನ ಗೆರೆ ಎರಡಾಗಿ ಸೀಳುತ್ತದೆ. ಬಲ ಸೊನ್ನೆಯಾದರೆ ಮತ್ತೆ ಒಂದಾಗಬೇಕು.

“ನಂದು ಸೊನ್ನಿ ಇದ್ದಾಗೂ ಎರಡಾಗೇ ನಿಂತದರಿ ಮೇಡಂ... ನಾಲ್ಕ ತಿಂಗಳಾತು. ನನಗ ಈ ಕೆಲಸ ಬರೂದಿಲ್ಲ.”

ಮೈಲಾರಪ್ಪ ಮೇಜು ಒರೆಸುವುದನ್ನು ನಿಲ್ಲಿಸಿದ. “ತಂಗಿ, ಮ್ಯಾಗ್ನೆಟ್ ಹ್ಯಾಂಗ ಬಂದ್ ಮಾಡ್ತೀ?”

“ಸ್ವಿಚ್ ಆಫ್ ಮಾಡ್ತೀನಿ ಕಾಕಾ. ಮೀಟರ್‌ನ್ಯಾಗ ಕರೆಂಟ್ ಸೊನ್ನಿ ಬರ್ತದಲ್ಲ?”

“ಪಿಎಚ್‌ಡಿ ಮಂದಿ ಮೀಟರ್ ಕೇಳ್ತೀರಿ... ಕಬ್ಬಿಣಾನ ಕೇಳೂದಿಲ್ಲ!” ಎಂದು ನಕ್ಕ.

ದಾರಕ್ಕೆ ಒಂದು ಗುಂಡುಸೂಜಿ ಕಟ್ಟಿ ಮ್ಯಾಗ್ನೆಟ್ಟಿನ ಕಬ್ಬಿಣದ ಪಕ್ಕ ಇಳಿಬಿಟ್ಟ. ಸ್ವಿಚ್ ಆಫ್ ಆಗಿತ್ತು... ಆದರೂ ಸೂಜಿ ಮೆಲ್ಲಗೆ ಆ ಕಡೆಗೆ ವಾಲಿತು.

“ಕರೆಂಟ್ ಹೋದ್ರೂ ಕಬ್ಬಿಣದಾಗ ಒಂದೀಟು ಉಳಿತದವಾ. ಅದನ್ನ ತಗೀಬೇಕಂದ್ರ ಬಲಾನ ತಿರುಗಾ ಮುರುಗಾ, ಒಮ್ಮೆ ಹಿಂಗ ಒಮ್ಮೆ ಉಲ್ಟಾ ಕೊಡಬೇಕು. ಪ್ರತಿ ಸಲ ಕಡಿಮಿ, ಕಡಿಮಿ...”

ಹಾಗೇ ಮಾಡಿಸಿದ. ಹನ್ನೆರಡು ಸಲ. ಅವಸರವಿಲ್ಲದೆ.

ಸೂಜಿ ನೆಟ್ಟಗೆ ನಿಂತಿತು. ಪರದೆಯ ಮೇಲೆ... ಎರಡು ಗೆರೆ ಒಂದಾಗಿತ್ತು!

ಬಾಗಿಲಲ್ಲಿ ಇಟಗಿ ಸರ್ ನಿಂತಿದ್ದರು. “ಇಷ್ಟ ಸಣ್ಣ ಮಾತು! ನಾಲ್ಕ ತಿಂಗಳು ನನ್ನ ಯಾಕ ಕೇಳಲಿಲ್ಲ?”

ಅವಳು ತಲೆ ತಗ್ಗಿಸಿದಳು.

“ಅವತ್ತ ಸ್ಯಾಂಪಲ್ ಒಡದಾಗ... ‘ನಿನ್ನ ಕೈಯಾಗ ಕಲ್ಲೂ ಉಳಿಯೂದಿಲ್ಲ’ ಅಂತ ಎಲ್ಲಾರ ಮುಂದ ಅಂದ್ರಿ ಸರ್. ಆಮ್ಯಾಲೆ ಕೇಳಬೇಕಂತ ನಿಮ್ಮ ಬಾಗಲತನಾ ಬರ್ತಿದ್ದೆ... ಬಡೀಲಾರದ ವಾಪಸ್ ಹೋಗ್ತಿದ್ದೆ.”

“ಅಯ್ಯ, ಅದನ್ನ ನಾ ಅವತ್ತ ಸಂಜಿಗೇ ಬಿಟ್ಟೆನಲ್ಲ! ಮತ್ತ ಒಂದ ಮಾತರೆ ಆಡೀನೇನು?”

ಮೈಲಾರಪ್ಪ ದಾರವನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದ...

“ನೀವೂ ಸ್ವಿಚ್ ಆಫ್ ಮಾಡಿದ್ರಿ ಸರ್... ಅಷ್ಟ.”

ಸರ್ ಕನ್ನಡಕ ತೆಗೆದರು. ನಂತರ ಒಂದು ಸ್ಟೂಲ್ ಎಳೆದುಕೊಂಡು ಅವಳೆದುರು ಕುಳಿತರು.

“ತಪ್ಪಾತವಾ. ಇದು ಒಂದ ಮಾತಿಗೆ ಹೋಗೂದಲ್ಲ ಅಂತ ಗೊತ್ತದ.” ಪತ್ರವನ್ನು ಮಡಿಚಿ ಅವಳ ಕೈಗೇ ಕೊಟ್ಟರು. “ಇದನ್ನ ನಾ ಇವತ್ತ ತಗೊಳ್ಳಂಗಿಲ್ಲ. ನಾಳೆ ಹತ್ತಕ್ಕ ನಾನ ಇಲ್ಲಿಗೆ ಬರ್ತೀನಿ. ನೀ ಒಂದ ಪ್ರಶ್ನೆ ಕೇಳಬೇಕು. ನಾಡಿದ್ದೂ ಬರ್ತೀನಿ. ಅದರ ಮರುದಿನಾನೂ...”

“ಎಷ್ಟ ದಿನ ಸರ್?”

“ನೀ ಹೆದರಲಾರದ ನನ್ನ ಬಾಗಲಾ ಬಡಿಯೂತನಾ.”

ನಾಲ್ಕು ತಿಂಗಳು ತಡೆದಿಟ್ಟಿದ್ದ ಕಣ್ಣೀರು ಆಗ ಇಳಿಯಿತು...

ಮೈಲಾರಪ್ಪ ನನ್ನ ಕಡೆಗಿದ್ದ ಫ್ಯಾನನ್ನು ಅವಳ ಕಡೆ ತಿರುಗಿಸಿದ.

*

ಬೈಯುವುದನ್ನು ನಿಲ್ಲಿಸಿದರಷ್ಟೇ ಸಾಲದು. ಬೈದದ್ದು ಎದೆಯಿಂದ ಇಳಿಯುವವರೆಗೆ, ದಿನಕ್ಕಿಷ್ಟು ಒಳ್ಳೆಯ ಮಾತು ಕೊಡಬೇಕು.

ನೀವು ಅಂದೇ ಮರೆತುಬಿಟ್ಟ ಒಂದು ಮಾತು... ಇಂದಿಗೂ ಯಾರನ್ನು ನಿಮ್ಮ ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತಿದೆ?