ಮುತ್ತಜ್ಜನ ದಾಖಲೆ

“ನಮ್ದು ಆಂಗ್ಲೋ-ಇಂಡಿಯನ್ ಮನೆತನ. ನಿನ್ನ ಮುತ್ತಜ್ಜನೂ ಇಂಗ್ಲೆಂಡಿನವರು ಅಂತ ಬಾಯಲ್ಲಿ ಹೇಳಿದ್ರೆ ಸಾಲದು. ಕಾಗದ ತಂದು ತೋರ್ಸು, ಮದುವೆ ಮಾತು ಆಮೇಲೆ,” ಎಂದಿದ್ದರು ಅವನು ಪ್ರೀತಿಸಿದ ಹುಡುಗಿಯ ತಂದೆ.

ಮೂರು ತಿಂಗಳು ಅವನು ಚರ್ಚುಗಳ ಹಳೆಯ ರಿಜಿಸ್ಟರುಗಳ ಧೂಳು ಕುಡಿದ. ಕೊನೆಗೂ ಮುತ್ತಜ್ಜನ ಮದುವೆಯ ದಾಖಲೆ ಸಿಕ್ಕಿತು.

“ದೊರೆಯೇನಲ್ಲ ಮಾವ, ಚಿನ್ನದ ಗಣಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕ್ತಿದ್ದರಂತೆ,” ಎಂದು ಅಳುಕುತ್ತಲೇ ಮುಂದಿಟ್ಟ.

ಅವರು ಕನ್ನಡಕ ಏರಿಸಿ ಓದಿದರು. ಹೆಸರು ಕಂಡದ್ದೇ ತಡ, ಎದ್ದು ಅವನನ್ನು ಬಾಚಿ ತಬ್ಬಿಕೊಂಡರು.

“ಅಯ್ಯೋ, ಇವರು ನನ್ನ ತಾತ ಕಣಯ್ಯಾ! ಮನೆ ಬಿಟ್ಟು ಓಡಿಹೋದ ನಮ್ಮ ಚಿಕ್ಕಪ್ಪನ ಮೊಮ್ಮಗ ನೀನು! ಇನ್ನು ಮಾವ ಗೀವ ಅನ್ಬೇಡ, ಬಾಯ್ತುಂಬ ದೊಡ್ಡಪ್ಪ ಅನ್ನು!”

ಅಷ್ಟರಲ್ಲಿ ಹುಡುಗಿ ಒಳಗಿನಿಂದ ಕಾಫಿ ತಂದು ಅವನ ಮುಂದೆ ಹಿಡಿದಳು.

“ತಗೋ, ಅಣ್ಣ.”